ಟೀ ಫ್ಲಾಸ್ಕಿನಲ್ಲಿ ಕೋಆಗ್ಯುಲೇಸ್: ನನ್ನ ಅನುಭವ

ಚಿಕ್ಕಮಗಳೂರಿನ ಜುಲೈ ಮಳೆಯಲ್ಲಿ ಕರೆಂಟ್ ನಂಬಿಕೊಂಡು ಟ್ಯೂಬ್ ಕೋಆಗ್ಯುಲೇಸ್ ಇಡುವವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಪ್ಲಾಸ್ಮಾ (ರಕ್ತದ ದ್ರವಭಾಗ) ಜೊತೆ ಮೈಬಿಸಿಯಲ್ಲಿಟ್ಟು, ಹೆಪ್ಪುಗಟ್ಟಿದರೆ ಅದು ಸ್ಟ್ಯಾಫ್ (ಸ್ಟ್ಯಾಫೈಲೊಕಾಕಸ್ ಆರಿಯಸ್) ಅಂತ ಗುರುತಿಸೋ ಪರೀಕ್ಷೆ ಇದು; ಹೆಪ್ಪುಗಟ್ಟಿಸೋದು ಅದರ ಕೋಆಗ್ಯುಲೇಸ್ ಅನ್ನೋ ಪ್ರೋಟೀನು. ನಾನಂತೂ ಅಗಲ ಬಾಯಿಯ ಫ್ಲಾಸ್ಕಿಗೆ 38 ಡಿಗ್ರಿ ನೀರು ತುಂಬಿ ಟ್ಯೂಬ್ ಇಳಿಬಿಡ್ತೀನಿ. ನಾಲ್ಕು ಗಂಟೆ ಕಳೆದರೂ 36ರ ಆಸುಪಾಸಲ್ಲಿರುತ್ತೆ. "ಟೀ ಆಯ್ತೇನ್ರೀ?" ಅಂತ ನಕ್ಕವರೇ ಈಗ ಫ್ಲಾಸ್ಕಿನ ಅಳತೆ ಕೇಳ್ತಾರೆ.

ದುಡ್ಡು ಸುರಿದದ್ದು ಪ್ಲಾಸ್ಮಾಕ್ಕೆ. ಅವಧಿ ಮುಗಿದ ಬ್ಲಡ್ ಬ್ಯಾಂಕ್ ಪ್ಲಾಸ್ಮಾ ಸಾಕು ಅಂದರು. ಒಂದು ಚೀಲ ಚೆನ್ನಾಗಿ ಹೆಪ್ಪುಗಟ್ಟಿತು, ಇನ್ನೊಂದು ಖಂಡಿತ ಹೆಪ್ಪುಗಟ್ಟಿಸಬೇಕಾದ ಮಾದರಿ ಸ್ಟ್ಯಾಫ್ ತಳಿ ಎಟಿಸಿಸಿ 25923ಕ್ಕೂ ಜಗ್ಗಲಿಲ್ಲ. ತಾನಾಗಿ ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕಿದ ಮೊಲದ ಪ್ಲಾಸ್ಮಾ ತರಿಸಿದೆ. ಎಂಟೆರೊಕಾಕಸ್ ಅನ್ನೋ ಬೇರೆ ಬ್ಯಾಕ್ಟೀರಿಯಾ ಸಿಟ್ರೇಟನ್ನೇ ತಿಂದು ಸುಳ್ಳು ಪಾಸಿಟಿವ್ ಕೊಟ್ಟಿತು. ಈಗ ಸಿಟ್ರೇಟ್ ಬದಲು ಇಡಿಟಿಎ ಹಾಕಿದ ಪ್ಲಾಸ್ಮಾ ಮಾತ್ರ, ಅರ್ಧರ್ಧ ಎಂಎಲ್ ಪಾಲು ಮಾಡಿ ಫ್ರೀಜರಿಗೆ. ವಯಲ್ ದಂಡವಾಗೋದು ನಿಂತು ಖರ್ಚು ಹೆಚ್ಚುಕಮ್ಮಿ ಮೂರನೇ ಒಂದಕ್ಕೆ ಇಳೀತು.

ನಿಜವಾಗಿ ತಲೆ ತಿಂದಿದ್ದು ಮಾಯವಾಗೋ ಹೆಪ್ಪು. "ಕುರು ನೋಡಿದರೆ ಸ್ಟ್ಯಾಫ್, ನಿಮ್ಮ ರಿಪೋರ್ಟ್ ನೆಗೆಟಿವ್" ಅಂತ ಸರ್ಜನ್ ಒಬ್ಬರು ಫೋನಿನಲ್ಲೇ ರೇಗಿದರು. ಅರ್ಧ ಗಂಟೆಗೊಮ್ಮೆ ಟ್ಯೂಬ್ ಓರೆ ಮಾಡ್ತಾ ಕೂತಾಗ ಕಳ್ಳ ಸಿಕ್ಕಿದ: ಮೂರನೇ ಗಂಟೆಗೆ ಗಟ್ಟಿ, ಬೆಳಗ್ಗೆ ನೀರು. ಕೋಆಗ್ಯುಲೇಸ್ ನಮ್ಮ ರಕ್ತದ ಪ್ರೋಥ್ರಾಂಬಿನ್ ಅನ್ನೋ ಪ್ರೋಟೀನಿಗೇ ಅಂಟಿಕೊಂಡು, ಅದರ ಕೈಯಲ್ಲೇ ಫೈಬ್ರಿನ್ (ಹೆಪ್ಪಿನ ನಾರು) ಗೋಡೆ ಕಟ್ಟಿಸುತ್ತೆ; ಸ್ಟ್ಯಾಫ್ ಅದರ ಹಿಂದೆ ಬಿಳಿ ರಕ್ತಕಣಗಳಿಂದ ಅಡಗಿಕೊಳ್ಳುತ್ತೆ. ಹರಡುವ ಹೊತ್ತಿಗೆ ಅದರದೇ ಇನ್ನೊಂದು ಪ್ರೋಟೀನು ಸ್ಟ್ಯಾಫೈಲೊಕೈನೇಸ್, ಹೆಪ್ಪು ಕರಗಿಸೋ ನಮ್ಮ ಪ್ಲಾಸ್ಮಿನೋಜನ್ನನ್ನು ಎಬ್ಬಿಸಿ ಅದೇ ಗೋಡೆ ಕರಗಿಸುತ್ತೆ. ಕಟ್ಟೋದಕ್ಕೂ ಕೆಡವೋದಕ್ಕೂ ಕೂಲಿಯಾಳು ನಾವೇ! ಹಾಗಾಗಿ ನಾಲ್ಕು ಗಂಟೆಯ ಓದನ್ನು ಯಾವತ್ತೂ ಬಿಡಲ್ಲ. ಆ ಸರ್ಜನ್ ಈಗ ಕೀವೆಲ್ಲ ನನಗೇ ಕಳಿಸ್ತಾರೆ.

ಈ ನಡುವೆ ಡಿಎನ್‌ಏಸ್ (ಡಿಎನ್‌ಎ ಕತ್ತರಿಸೋ ಕಿಣ್ವ) ಪ್ಲೇಟಿನ ಹುಚ್ಚು ಹಿಡೀತು. ನ್ಯೂಟ್ರೊಫಿಲ್ ಅನ್ನೋ ಬಿಳಿ ರಕ್ತಕಣ ಬ್ಯಾಕ್ಟೀರಿಯಾ ಹಿಡಿಯೋಕೆ ತನ್ನ ಡಿಎನ್‌ಎಯನ್ನೇ ಬಲೆಯಾಗಿ ಎಸೆಯುತ್ತೆ ಅಂತ ಗೊತ್ತಾದದ್ದು 2004ರಲ್ಲಿ. ಆ ಬಲೆ ಕತ್ತರಿಸೋ ಸ್ಟ್ಯಾಫಿನ ಕಿಣ್ವವನ್ನೇ ನಾವು ಪ್ಲೇಟಲ್ಲಿ ನೋಡೋದು. ರೆಡಿ ಮೀಡಿಯಾ ದುಬಾರಿ. ಮಾರ್ಕೆಟ್ಟಿನ ಮಟನ್ ಅಂಗಡಿಯಿಂದ ಎಳೆ ಆಡಿನ ಥೈಮಸ್ (ಎದೆಯ ಗ್ರಂಥಿ) ತಂದು ಉಪ್ಪು, ಸೋಪು, ತಣ್ಣನೆ ಸ್ಪಿರಿಟ್‌ನಲ್ಲಿ ಡಿಎನ್‌ಎ ಎಳೆದೆ. ಅದನ್ನು ಬೆರೆಸಿದ ಪ್ಲೇಟಲ್ಲಿ ಸ್ಟ್ಯಾಫ್ ಬೆಳೆಸಿ ಆಸಿಡ್ ಸುರಿದರೆ ಕತ್ತರಿಸದ ಡಿಎನ್‌ಎ ಬೆಳ್ಳಗಾಗಿ, ಕತ್ತರಿಸಿದ ಜಾಗ ಸ್ವಚ್ಛವಾಗಿ ಉಳೀಬೇಕು. ನನ್ನದರಲ್ಲಿ ಪ್ರೋಟೀನೂ ಸೇರಿ ಇಡೀ ಪ್ಲೇಟ್ ಮೊಸರು. ಡಿಎನ್‌ಎಯ ಎರಡನೇ ತೊಳೆತದಲ್ಲಿ ಒಂದು ಬದಲಾವಣೆ ಮಾಡಿದ ಮೇಲೆ ಬ್ಯಾಕ್ಟೀರಿಯಾ ವಸಾಹತುಗಳ ಸುತ್ತ ಸ್ವಚ್ಛ ವೃತ್ತ ಬಿತ್ತು. ಏನು ಬದಲಾವಣೆ ಅಂತ ಮಾತ್ರ ಕೇಳಬೇಡಿ.

ಗಂಟಲು ನೋವಿನ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್‌ಗೂ ಡಿಎನ್‌ಏಸ್ ಇದೆಯಲ್ಲ, ಅದನ್ನೂ ಅದೇ ಪ್ಲೇಟಿನ ಮೇಲೆ ಗೀಟೆಳೆದು ಬೆಳೆಸಿ ನೋಡಿದೆ. ಸೊರಗಿದ ಬೆಳೆ. ರಕ್ತ ಸೇರಿಸಿದರೆ ಆಸಿಡ್ ಬಿದ್ದೊಡನೆ ಎಲ್ಲ ಕಂದು. ಸದ್ಯ ಗಂಟಲಿಗೆ ಬ್ಯಾಸಿಟ್ರಾಸಿನ್ ಡಿಸ್ಕೇ (ಈ ಆಂಟಿಬಯೋಟಿಕ್ ಬಿಲ್ಲೆಯ ಸುತ್ತ ಬೆಳೆಯದಿದ್ದರೆ ಪಯೋಜೆನಿಸ್ ಅಂತ ಅಂದಾಜು) ಸಾಕು ಅಂತ ಕೈಬಿಟ್ಟಿದ್ದೀನಿ.