ಸಿಟಿಲಿ ದಿನಾ ಸೈಕಲ್ ತುಳಿಯೋರಿಗೆ: ನೀವು ಮುಂದೇನ್ ಮಾಡ್ತೀರ ಅಂತ ಹಿಂದಿನವ್ರಿಗೆ ಗೊತ್ತಾಗ್ಲಿ

ಆಫೀಸಿಗೋ ಕಾಲೇಜಿಗೋ ಇನ್ಮೇಲೆ ಸೈಕಲ್ಲಲ್ಲೇ ಹೋಗೋಣ ಅಂತ ಮನಸ್ಸು ಮಾಡಿದ್ರೆ ಸಂತೋಷ, ಆದ್ರೆ ಮೊದಲ್ನೇ ದಿನಾನೇ ಸೀದಾ ಬೆಳಗ್ಗಿನ ಟ್ರಾಫಿಕ್ಕಿಗೆ ಇಳೀಬೇಡಿ. ರಜಾ ದಿನ ಅದೇ ದಾರೀಲಿ ಒಂದ್ಸಲ ಹೋಗ್ಬನ್ನಿ. ಬಸ್ಸು ಕಾರು ಹೋಗೋ ಮೇನ್ ರೋಡೇ ಸೈಕಲ್ಲಿಗೂ ಸರಿ ಅಂತೇನಿಲ್ಲ, ಒಳಗಿನ ಬೀದಿಗಳಲ್ಲಿ ಒಂದೈದು ನಿಮಿಷ ಜಾಸ್ತಿ ಹಿಡಿದ್ರೂ ನೆಮ್ಮದಿ ಇರುತ್ತೆ, ಎಲ್ಲಿ ಏರು ಎಲ್ಲಿ ಗುಂಡಿ ಅನ್ನೋದೂ ಅವತ್ತೇ ಗೊತ್ತಾಗೋಗುತ್ತೆ.

ಹೊರಡೋ ಮುಂಚೆ ಗಾಳಿ, ಬ್ರೇಕು, ಚೈನು ಮೂರು ನೋಡ್ಕೊಳ್ಳಿ, ಅರ್ಧ ನಿಮಿಷದ ಕೆಲಸ. ಎಷ್ಟು ಗಾಳಿ ಬೇಕು ಅಂತ ಟೈರಿನ ಸೈಡಲ್ಲೇ ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಲೆಕ್ಕದಲ್ಲಿ ಬರ್ದಿರುತ್ತೆ, ಸುಮಾರ್ ಜನ ವರ್ಷಗಟ್ಲೆ ತುಳಿದ್ರೂ ಅದನ್ನ ಓದಿರಲ್ಲ. ಸೀಟಿನ ಹೈಟಿಗೆ ಸುಲಭದ ಲೆಕ್ಕ ಇದೆ, ಸೀಟಲ್ಲಿ ಕೂತು ಹಿಮ್ಮಡೀನ ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ನೆಟ್ಟಗಾಗ್ಬೇಕು, ಆಮೇಲೆ ಪಾದದ ಮುಂಭಾಗದಲ್ಲಿ ತುಳಿಯುವಾಗ ಮಂಡಿ ತಾನಾಗೇ ಬೇಕಾದಷ್ಟು ಮಡಚುತ್ತೆ. ಮಂಡಿ ನೋವು ಅಂತ ಸೈಕಲ್ ಬಿಟ್ಟೋರಲ್ಲಿ ಎಷ್ಟೋ ಜನ ಸೀಟು ತೀರಾ ಕೆಳಗಿಟ್ಕೊಂಡಿರ್ತಾರೆ ಅನ್ನೋದು ನನ್ನ ಅನುಮಾನ.

ಇನ್ನು ರೋಡಿನ ವಿಷಯ. ಹೊಸಬರು ಹೆದರ್ಕೊಂಡು ರೋಡಿನ ಅಂಚಿಗೇ ಅಂಟ್ಕೊಂಡು ಹೋಗ್ತಾರೆ, ನಾನೂ ಹಂಗೇ ಹೋಗ್ತಿದ್ದೆ, ಒಂದಿನ ನಿಂತಿದ್ದ ಕಾರಿನ ಡೋರು ದಢಾರ್ ಅಂತ ತೆಗೀತು ನೋಡಿ, ಹ್ಯಾಂಡಲ್ ತಗಲಿ ಬಿದ್ದು ಮೊಣಕೈ ಕಿತ್ಕೊಂಡಿದ್ದೆ. ನಿಂತಿರೋ ಕಾರುಗಳಿಂದ ಒಂದು ಡೋರಿನ ಅಗಲ, ಅಂದ್ರೆ 1 ಮೀಟರಿಗಿಂತ ಜಾಸ್ತಿನೇ ಜಾಗ ಬಿಡಿ. ಹಿಂದಿನವ್ರು ಹಾರನ್ ಹೊಡೀತಾರೆ, ಹೊಡ್ಕೊಳ್ಳಿ ಬಿಡಿ, ಅವ್ರು ಹಾರನ್ ಹೊಡೀತಿದಾರೆ ಅಂದ್ರೆ ನಿಮ್ಮನ್ನ ನೋಡಿದಾರೆ ಅಂತಾಯ್ತಲ್ಲ. (ನೀವೇ ಕಾರಲ್ಲಿದ್ದಾಗ ಡೋರಿಗೆ ಹತ್ರ ಇರೋ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ತೆಗೆದು ನೋಡಿ, ಮೈ ತಾನಾಗೇ ತಿರುಗಿ ಹಿಂದೆ ಬರೋ ಸೈಕಲ್ ಕಾಣುತ್ತೆ.)

ಅಂಚಿಗೆ ಹೋಗೋರು ಮಾಡೋ ಇನ್ನೊಂದು ತಪ್ಪು ಅಂದ್ರೆ ಎರಡು ಕಾರಿನ ಮಧ್ಯ ಖಾಲಿ ಜಾಗ ಕಂಡ ತಕ್ಷಣ ಒಳಗೆ ನುಗ್ಗೋದು, ಮತ್ತೆ ಮುಂದಿನ ಕಾರು ಬಂದಾಗ ಹೊರಗೆ ಬರೋದು. ಹಿಂದೆ ಬರ್ತಿರೋರಿಗೆ ನೀವು ಮಾಯ ಆಗಿ ಮತ್ತೆ ಪ್ರತ್ಯಕ್ಷ ಆದಂಗಿರುತ್ತೆ, ಅವ್ರಾದ್ರೂ ಏನ್ಮಾಡ್ತಾರೆ ಪಾಪ. ನೆಟ್ಟಗೆ ಒಂದೇ ಲೈನಲ್ಲಿ ಹೋಗಿ. ತಿರುಗ್ಬೇಕು ಅಂದ್ರೆ ಮೊದಲು ಹಿಂದೆ ತಿರುಗಿ ನೋಡಿ, ಆಮೇಲೆ ಕೈ ತೋರ್ಸಿ, ಆಮೇಲೆ ಸರೀರಿ. ಹಿಂದೆ ತಿರುಗಿ ನೋಡುವಾಗ ಸೈಕಲ್ಲೂ ಆ ಕಡೆನೇ ಎಳ್ಕೊಂಡು ಹೋಗುತ್ತೆ ಎಲ್ರಿಗೂ, ಖಾಲಿ ಮೈದಾನದಲ್ಲಿ ಪ್ರಾಕ್ಟೀಸ್ ಮಾಡ್ಕೊಂಡ್ರೆ ಎರಡ್ಮೂರು ದಿನದಲ್ಲಿ ಸರಿ ಹೋಗುತ್ತೆ.

ಲಾರಿ ಬಸ್ಸಿನ ಪಕ್ಕ ಇರೋ ಸಣ್ಣ ಗ್ಯಾಪಲ್ಲಿ ಮುಂದೆ ನುಸುಳೋದು ಬೇಡವೇ ಬೇಡ. ಡ್ರೈವರ್ ಎಷ್ಟೇ ಒಳ್ಳೆಯವ್ನಾದ್ರೂ ಆ ಎತ್ತರದಿಂದ ಪಕ್ಕದಲ್ಲಿ ಕೆಳಗಿರೋ ನೀವು ಅವ್ನಿಗೆ ಕಾಣಲ್ಲ, ಜೊತೆಗೆ ದೊಡ್ಡ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರೀಲಿ ಬರಲ್ಲ, ಇನ್ನೂ ಒಳಗೆ ಕತ್ತರಿಸ್ಕೊಂಡು ಬರುತ್ತೆ, ನೀವಿರೋದು ಸರಿಯಾಗಿ ಅಲ್ಲೇ. ಹಿಂದೆ ನಿಂತ್ಕೊಂಡು ಹೊಗೆ ಕುಡಿದ್ರೂ ಪರ್ವಾಗಿಲ್ಲ.

ಬ್ರೇಕಿನ ಬಗ್ಗೆ ಒಂದ್ಮಾತು. ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಅಂತ ಹೆದರ್ಸಿ ಬೆಳೆಸಿರ್ತಾರೆ ನಮ್ಮನ್ನ, ಆದ್ರೆ ನಿಲ್ಲಿಸೋ ಶಕ್ತಿ ಜಾಸ್ತಿ ಇರೋದು ಅದ್ರಲ್ಲೇ, ಎರಡೂ ಒಟ್ಟಿಗೆ ಮೆಲ್ಲಗೆ ಹಿಡಿದು ಸೊಂಟ ಸ್ವಲ್ಪ ಹಿಂದಕ್ಕೆ ತಳ್ಳಿ. ಗಂಟೆಗೆ 20 ಕಿಲೋಮೀಟರ್ ಸ್ಪೀಡಲ್ಲಿ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಹೋಗಿರ್ತೀರ, ಅಂದ್ರೆ ಬ್ರೇಕ್ ಹಿಡೀಬೇಕು ಅಂತ ತಲೆಗೆ ಹೊಳೆಯೋ ಹೊತ್ತಿಗೇ ಅಷ್ಟು ದೂರ ಖಾಲಿ. ಮಳೇಲಿ ರಿಮ್ ಬ್ರೇಕು (ಚಕ್ರದ ಅಂಚಿನ ಲೋಹದ ಬಳೆಯನ್ನ ಒತ್ತಿ ಹಿಡಿಯೋ ಬ್ರೇಕು) ಇನ್ನೂ ಲೇಟಾಗಿ ಕಚ್ಚುತ್ತೆ, ರೋಡಿನ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ ಎಲ್ಲ ಸೋಪು ಹಚ್ಚಿದಂಗೆ ಜಾರುತ್ತೆ, ಅದ್ರ ಮೇಲೆ ಹ್ಯಾಂಡಲ್ ತಿರುಗಿಸ್ಬೇಡಿ, ಬ್ರೇಕೂ ಬೇಡ, ಸುಮ್ನೆ ನೆಟ್ಟಗೆ ದಾಟಿ. ರೈಲು ಹಳಿ ಇದ್ರೆ ಅಡ್ಡಡ್ಡವಾಗಿ, ಆದಷ್ಟು 90 ಡಿಗ್ರೀಲಿ ದಾಟಿ, ಇಲ್ಲಾಂದ್ರೆ ಚಕ್ರ ಹಳಿ ಸಂದಿಗೆ ಸಿಕ್ಕಾಕೊಳುತ್ತೆ.

ಕತ್ತಲಾದ್ರೆ ಮುಂದೆ ಬಿಳಿ ಲೈಟು, ಹಿಂದೆ ಕೆಂಪು. ಮುಂದಿನ ಲೈಟನ್ನ ಸ್ವಲ್ಪ ನೆಲದ ಕಡೆ ಬಗ್ಗಿಸಿ, ಎದುರು ಬರೋರ ಕಣ್ಣಿಗೆ ಹೊಡೆದ್ರೆ ಅವ್ರಿಗೆ ನೀವೂ ಕಾಣಲ್ಲ ರೋಡೂ ಕಾಣಲ್ಲ. ರಾಂಗ್ ಸೈಡ್ ಬಗ್ಗೆ ಹೇಳೋದೇ ಬೇಡ, ಸೈಕಲ್ ತಾನೆ ಏನಾಗುತ್ತೆ ಅಂತ ಬರೋರಿಗೆ ಎದುರಾಗೋದು ಜಾಸ್ತಿ ನಮ್ಮಂಥ ಸೈಕಲ್ಲಿನೋರೇ.

ನಡ್ಕೊಂಡು ಹೋಗೋರ ಜೊತೆ ನಮ್ಮ ನಡವಳಿಕೆ ಹೆಂಗಿದೆ ಅನ್ನೋದು ನನಗೆ ಮುಖ್ಯ ಅನ್ಸುತ್ತೆ. ಕಾರಿನೋರು ನಮ್ಮನ್ನ ಲೆಕ್ಕಕ್ಕೇ ಇಟ್ಕೊಳಲ್ಲ ಅಂತ ಗೋಳಾಡ್ತೀವಿ, ಫುಟ್‌ಪಾತ್ ಹತ್ತಿದ ತಕ್ಷಣ ನಾವೂ ಅದನ್ನೇ ಮಾಡ್ತೀವಿ. ಫುಟ್‌ಪಾತಿಗೆ ಹೋಗ್ಲೇಬೇಕಾ, ಇಳಿದು ತಳ್ಕೊಂಡು ಹೋಗಿ. ಜನ ಇರೋ ಕಡೆ ಬೆಲ್ಲನ್ನ ದೂರದಿಂದಲೇ ಒಂದ್ಸಲ ಹೊಡೀರಿ, ಬೆನ್ನ ಹಿಂದೆ ಬಂದು ಟ್ರಿಣ್ ಅಂದ್ರೆ ಗಾಬರೀಲಿ ಯಾವ ಕಡೆ ಹಾರ್ತಾರೋ ಹೇಳಕ್ಕಾಗಲ್ಲ. ಮಕ್ಕಳು, ವಯಸ್ಸಾದವ್ರು, ನಾಯಿ ಇದ್ರೆ ನಡಿಗೆ ಸ್ಪೀಡಿಗೆ ಇಳಿಸಿ.

ಸೈಕಲ್ಲಿನೋರ ಮಧ್ಯೆನೂ ಒಂಚೂರು ಮರ್ಯಾದೆ ಇರ್ಲಿ. ಸಿಗ್ನಲ್ಲಲ್ಲಿ ನಿಂತಿರೋರನ್ನೆಲ್ಲ ದಾಟಿ ಮುಂದೆ ಹೋಗಿ ನಿಂತು ಆಮೇಲೆ ಆಮೆ ಥರ ಹೊರಡೋದು, ಗುರುತಿಲ್ಲದೋರ ಹಿಂದಿನ ಚಕ್ರಕ್ಕೆ ಅಂಟ್ಕೊಂಡು ಬರೋದು, ಹಿಂದೆ ಯಾರಿದಾರೆ ಅಂತ ನೋಡ್ದೆ ಉಗಿಯೋದು, ಇವೆಲ್ಲ ಬೇಡ.

ನಿಲ್ಲಿಸೋದು ಕೊನೇಗೆ. ಚಕ್ರಕ್ಕೆ ಮಾತ್ರ ಬೀಗ ಹಾಕಿದ್ರೆ ಸಂಜೆ ಬರೋ ಹೊತ್ತಿಗೆ ಚಕ್ರ ಮಾತ್ರ ಇರುತ್ತೆ, ಫ್ರೇಮು ಮತ್ತೆ ಹಿಂದಿನ ಚಕ್ರ ಎರಡೂ ಸೇರ್ಸಿ ಅಲ್ಲಾಡದ ಕಂಬಕ್ಕೆ ಹಾಕಿ. ವೀಲ್‌ಚೇರ್ ರ‍್ಯಾಂಪು, ಮೆಟ್ಟಿಲ ಕಂಬಿ ಬಿಟ್ಬಿಡಿ, ಅವು ಬೇರೆಯವ್ರಿಗೆ ಬೇಕು. ಒಂದ್ಸಲ ಅವಸರದಲ್ಲಿ ನನ್ನ ಬೀಗದ ಚೈನಿಗೆ ಪಕ್ಕದ ಸೈಕಲ್ಲಿನ ಫ್ರೇಮನ್ನೂ ಸೇರ್ಸಿ ಬೀಗ ಹಾಕಿದ್ದೆ, ವಾಪಸ್ ಬಂದಾಗ ಒಬ್ರು ಹೆಲ್ಮೆಟ್ ಹಾಕ್ಕೊಂಡೇ ಕಟ್ಟೆ ಮೇಲೆ ಕೂತಿದ್ರು, ಎಷ್ಟೊತ್ತಾಯ್ತು ಅಂತ ಕೇಳೋ ಧೈರ್ಯ ಬರ್ಲಿಲ್ಲ. ಈಗ ಬೀಗ ಹಾಕಿದ್ಮೇಲೆ ಪಕ್ಕದ ಸೈಕಲ್ಲನ್ನೂ ಒಂದ್ಸಲ ಅಲ್ಲಾಡಿಸಿ ನೋಡೇ ಹೋಗೋದು.