ಮಚ್ಚೆಗಣ್ಣಿನ ನೊಣದಲ್ಲಿ ವಂಶವಾಹಿಯ ನಿಯಂತ್ರಣವನ್ನು ಕಂಡ ಬಗೆ

ವಂಶವಾಹಿಯೊಂದು ಜೀವಕೋಶದಲ್ಲಿ ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ. ಈ ವ್ಯತ್ಯಾಸವನ್ನು ಕರಿಹಲಗೆಯ ಮೇಲೆ ಎಷ್ಟು ವಿವರಿಸಿದರೂ ಸಾಲದೆಂದು ನನಗೆ ಅನ್ನಿಸುತ್ತಿತ್ತು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅದನ್ನು ಕಣ್ಣಾರೆ ತೋರಿಸಲು ನಾನು ಆರಿಸಿಕೊಂಡದ್ದು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಂಬ ಹಣ್ಣಿನ ನೊಣದ ಹಳೆಯ ತಳಿಯೊಂದನ್ನು. ಕ್ಷಕಿರಣಗಳಿಂದ ಉತ್ಪರಿವರ್ತನೆ (ವಂಶವಾಹಿಯಲ್ಲಿ ಆಗುವ ಬದಲಾವಣೆ) ಉಂಟಾಗುತ್ತದೆಂದು ತೋರಿಸಿದ ಹರ್ಮನ್ ಮುಲ್ಲರ್ ಅವರು ಕಣ್ಣಿನಲ್ಲಿ ಕೆಂಪು ಮತ್ತು ಬಿಳಿ ಬಣ್ಣಗಳು ಬೆರೆತ ಇಂತಹ ನೊಣಗಳನ್ನು 1930ರಲ್ಲಿ ವರ್ಣಿಸಿದ್ದರು.

ಈ ತಳಿಯಲ್ಲಿ ಎಕ್ಸ್ ಎಂಬ ವರ್ಣತಂತುವಿನ (ವಂಶವಾಹಿಗಳನ್ನು ಹೊತ್ತ ಎಳೆಯ) ಒಂದು ಭಾಗ ತುಂಡಾಗಿ ತಿರುಗುಮುರುಗಾಗಿ ಕೂಡಿಕೊಂಡಿದೆ. ಕಣ್ಣಿಗೆ ಕೆಂಪು ಬಣ್ಣ ಬರಲು ಅಗತ್ಯವಾದ ‘ವೈಟ್’ ಎಂಬ ವಂಶವಾಹಿ ಅದರಿಂದಾಗಿ ತನ್ನ ಮೂಲಸ್ಥಾನ ಬಿಟ್ಟು, ಬಿಗಿಯಾಗಿ ಸುತ್ತಿಕೊಂಡಿರುವ ಹೆಟೆರೊಕ್ರೊಮ್ಯಾಟಿನ್ ಭಾಗದ ನೆರೆಗೆ ಬಂದಿದೆ. ವಂಶವಾಹಿಯ ಒಂದಕ್ಷರವೂ ಕೆಟ್ಟಿಲ್ಲ. ಮತ್ತೊಮ್ಮೆ ವರ್ಣತಂತು ಮರುಜೋಡಣೆಯಾಗಿ ಅದು ಆ ನೆರೆಯಿಂದ ದೂರ ಸರಿದರೆ ಕಣ್ಣು ಪುನಃ ಕೆಂಪಾಗುತ್ತದೆ. ಥಾಮಸ್ ಹಂಟ್ ಮಾರ್ಗನ್ ಅವರು 1910ರಲ್ಲಿ ಕಂಡ ಬಿಳಿಗಣ್ಣಿನ ನೊಣಕ್ಕೂ ಇದಕ್ಕೂ ಇರುವ ಮುಖ್ಯ ಅಂತರ ಇದೇ: ಅಲ್ಲಿ ವಂಶವಾಹಿಯೇ ಹಾಳಾಗಿತ್ತು, ಇಲ್ಲಿ ಸುಸ್ಥಿತಿಯಲ್ಲಿದ್ದೂ ಕೆಲವು ಕೋಶಗಳಲ್ಲಿ ಮೌನವಾಗಿದೆ.

ನೊಣ ಸಾಕುವ ಕೆಲಸ ಕಷ್ಟದ್ದಲ್ಲ, ಆದರೆ ಶಿಸ್ತು ಬೇಡುತ್ತದೆ. ನಮ್ಮ ಕಡೆಯ ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ಆಹಾರವನ್ನೇ ನಾನೂ ಬಳಸಿದೆ: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್ ಹಾಕಿ ಕುದಿಸಿ, ಬೂಷ್ಟು ಹಿಡಿಯದಂತೆ 7.5 ಮಿಲಿಲೀಟರ್ ಪ್ರೊಪಿಯೋನಿಕ್ ಆಮ್ಲ ಬೆರೆಸಿ, ಬಿಸಿಯಿರುವಾಗಲೇ ಸೀಸೆಗಳಿಗೆ ಸುರಿಯುವುದು. ಆರಿದ ಮೇಲೆ ಒಂದೆರಡು ಹನಿ ಯೀಸ್ಟ್ ದ್ರಾವಣ ಹಾಕಿ ಹತ್ತಿಯಿಂದ ಬಾಯಿ ಮುಚ್ಚುತ್ತೇವೆ. ಒಂದೇ ಸೀಸೆಯಲ್ಲಿ ಮರಿಹುಳುಗಳು ಕಿಕ್ಕಿರಿಯದಂತೆ ನೋಡಿಕೊಳ್ಳಬೇಕು. ಇಕ್ಕಟ್ಟಿನಲ್ಲಿ ಬೆಳೆದ ನೊಣಗಳು ಸಣಕಲಾಗಿ ಹುಟ್ಟುವುದರಿಂದ ಹೋಲಿಕೆಗೆ ಒದಗುವುದಿಲ್ಲ.

ಈಥರ್ ಕೊಟ್ಟು ಮಂಪರಾದ ನೊಣವನ್ನು ಬಿಳಿ ಹಲಗೆಯ ಮೇಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಕುಂಚದ ತುದಿಯಿಂದ ಹೊರಳಿಸಿದಾಗ, ಸುಮಾರು 800 ಪುಟ್ಟ ಘಟಕಗಳಿಂದಾದ ಕಣ್ಣಿನಲ್ಲಿ ಎಲ್ಲಿ ಕೆಂಪು, ಎಲ್ಲಿ ಬಿಳಿ ಎಂಬುದು ನಿಚ್ಚಳವಾಗಿ ಕಾಣುತ್ತದೆ. ಕೆಲವು ಕಣ್ಣುಗಳಲ್ಲಿ ಚುಕ್ಕೆಗಳು ಚೆದುರಿರುತ್ತವೆ, ಕೆಲವುಗಳಲ್ಲಿ ಅಕ್ಕಪಕ್ಕದ ಘಟಕಗಳೆಲ್ಲ ಒಟ್ಟಾಗಿ ಕೆಂಪು ಪಟ್ಟೆಯಾಗಿರುತ್ತವೆ. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಆ ಪಟ್ಟೆಗಳು. ಬೆಳೆಯುತ್ತಿರುವ ಕಣ್ಣಿನ ಒಂದು ಕೋಶದಲ್ಲಿ ವಂಶವಾಹಿ ತೆರೆದುಕೊಂಡರೆ, ಅದು ವಿಭಜನೆಗೊಂಡು ಹುಟ್ಟುವ ಮರಿಕೋಶಗಳಲ್ಲಿಯೂ ತೆರೆದೇ ಇರುವುದರಿಂದ ಪಟ್ಟೆ ಮೂಡುತ್ತದೆ; ಡಿಎನ್‌ಎಯ ಅಕ್ಷರಗಳಲ್ಲಿ ಬರೆದಿರದ ಸ್ಥಿತಿಯೊಂದು ಕೋಶದಿಂದ ಕೋಶಕ್ಕೆ ದಾಟುವುದನ್ನು ಇಷ್ಟು ನೇರವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಅದೇ ನೊಣದ ಎಡಗಣ್ಣು ಮತ್ತು ಬಲಗಣ್ಣುಗಳನ್ನು ಹೋಲಿಸಿ ಚಿತ್ರ ಬರೆಯುವಂತೆ ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಒಂದೇ ವಂಶವಾಹಿ, ಒಂದೇ ಸೀಸೆ, ಒಂದೇ ಉಷ್ಣತೆ. ಆದರೂ ಎರಡು ಕಣ್ಣುಗಳ ಮಚ್ಚೆ ಹೊಂದುವುದಿಲ್ಲ.

ಅನಂತರ ಉಷ್ಣತೆಯ ಪ್ರಯೋಗ. ಒಂದೇ ತಂಡದ ತಾಯಿನೊಣಗಳು ಇಟ್ಟ ಮೊಟ್ಟೆಗಳನ್ನು ಹಂಚಿ, ಕೆಲವನ್ನು 18 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲವನ್ನು 25ರಲ್ಲಿ, ಉಳಿದವನ್ನು 29ರಲ್ಲಿ ಬೆಳೆಸಿದೆ. ಹೆಟೆರೊಕ್ರೊಮ್ಯಾಟಿನ್‌ನ ಹಿಡಿತ ತಂಪಿನಲ್ಲಿ ಹೆಚ್ಚಾಗಿ ಕಣ್ಣು ಬೆಳ್ಳಗಾಗುತ್ತದೆ, ಬೆಚ್ಚಗಿದ್ದಲ್ಲಿ ಸಡಿಲಗೊಂಡು ಕೆಂಪು ಹರಡುತ್ತದೆ. ಇದು ಬಣ್ಣ ತಯಾರಿಕೆಯ ಮೇಲೆ ಉಷ್ಣತೆ ಬೀರಿದ ಪರಿಣಾಮವಷ್ಟೇ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಸಾಮಾನ್ಯ ಕೆಂಪುಗಣ್ಣಿನ ನೊಣಗಳನ್ನೂ ಜೊತೆಯಲ್ಲೇ ಬೆಳೆಸಬೇಕು; ಅವುಗಳ ಕಣ್ಣು ಎಲ್ಲ ಕಡೆಯೂ ಕೆಂಪಾಗಿಯೇ ಇರುತ್ತದೆ. ಇಲ್ಲಿ ವಯಸ್ಸಿನ ಲೆಕ್ಕ ಮುಖ್ಯ. ಮೊಟ್ಟೆಯಿಂದ ನೊಣವಾಗಲು 25 ಡಿಗ್ರಿಯಲ್ಲಿ ಸುಮಾರು 10 ದಿನ ಸಾಕು, 18ರಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು ಬೇಕು. ಪ್ಯೂಪಾದಿಂದ ಹೊರಬಂದ ಮೇಲೂ ಕೆಲವು ದಿನ ಕಣ್ಣಿನಲ್ಲಿ ಬಣ್ಣ ತುಂಬಿಕೊಳ್ಳುತ್ತಲೇ ಇರುವುದರಿಂದ, ವಯಸ್ಸನ್ನು ಹೊರಬಂದ ದಿನದಿಂದಲೇ ಎಣಿಸಬೇಕು. ಅಂದಾಜಿನ ಮೇಲೆ ಬಿಡದೆ ಅಳೆಯಲು, ಸಮಾನ ಸಂಖ್ಯೆಯ, ಒಂದೇ ಲಿಂಗದ ನೊಣಗಳ ತಲೆಗಳನ್ನು ಆಮ್ಲ ಬೆರೆಸಿದ ಆಲ್ಕೋಹಾಲಿನಲ್ಲಿ ಅರೆದು, ತಿಳಿಯಾದ ದ್ರವದ ಬಣ್ಣವನ್ನು 480 ನ್ಯಾನೊಮೀಟರ್ ತರಂಗಾಂತರದಲ್ಲಿ ನೋಡುತ್ತೇವೆ.

ಈ ಮೌನವನ್ನು ಕಾಯುವ ಪ್ರೋಟೀನುಗಳು ಯಾವುವು ಎಂಬ ಪ್ರಶ್ನೆಗೆ ಮೂರನೆಯ ಪ್ರಯೋಗ. ಮಚ್ಚೆಗಣ್ಣಿನ ಕನ್ಯೆ ನೊಣಗಳನ್ನು ‘ಎಸ್‌ಯು-ವಾರ್ 2-5’ ಎಂಬ ಉತ್ಪರಿವರ್ತನೆಯ (ಮಚ್ಚೆಯನ್ನು ತಗ್ಗಿಸುವ ಉತ್ಪರಿವರ್ತನೆಗಳ ಪಟ್ಟಿಯಲ್ಲಿ ಒಂದು) ಒಂದು ಪ್ರತಿಯನ್ನೂ, ಅದರ ಜೋಡಿ ವರ್ಣತಂತುವಿನಲ್ಲಿ ರೆಕ್ಕೆ ಸುರುಳಿಯಾಗಿಸುವ ಗುರುತನ್ನೂ ಹೊತ್ತ ಗಂಡುಗಳೊಡನೆ ಕೂಡಿಸಿದೆ. ಹೆಣ್ಣುನೊಣ ವೀರ್ಯವನ್ನು ಕೂಡಿಟ್ಟುಕೊಳ್ಳುವುದರಿಂದ, 25 ಡಿಗ್ರಿಯಲ್ಲಿ ಹೊರಬಂದ 8 ಗಂಟೆಯೊಳಗೇ ಕನ್ಯೆಯರನ್ನು ಬೇರ್ಪಡಿಸಬೇಕು. ಹೆಣ್ಣುಮಕ್ಕಳಿಗೆ ತಂದೆಯಿಂದ ಸಾಮಾನ್ಯ ಎಕ್ಸ್ ಬರುವುದರಿಂದ ಅವರೆಲ್ಲರ ಕಣ್ಣೂ ಕೆಂಪು. ಗಂಡುಮಕ್ಕಳಿಗೆ ಇರುವ ಒಂದೇ ಎಕ್ಸ್ ತಾಯಿಯದಾದ್ದರಿಂದ ನೋಡಬೇಕಾದದ್ದು ಅವರನ್ನು ಮಾತ್ರ. ಉತ್ಪರಿವರ್ತನೆ ಪಡೆಯದ ಸುರುಳಿ ರೆಕ್ಕೆಯ ಗಂಡುಗಳಲ್ಲಿ ಮಚ್ಚೆ ಉಳಿದಿರುತ್ತದೆ. ಅದನ್ನು ಪಡೆದ, ನೆಟ್ಟನೆಯ ರೆಕ್ಕೆಯ ಅವುಗಳ ಸೋದರರಲ್ಲಿ ಕಣ್ಣು ಬಹುಪಾಲು ಕೆಂಪಾಗಿರುತ್ತದೆ. ಒಂದೇ ಸೀಸೆಯ ಒಡಹುಟ್ಟಿದವರೇ ಪರಸ್ಪರ ಹೋಲಿಕೆಗೆ ಸಿಗುವುದರಿಂದ ನನಗೆ ಈ ಪ್ರಯೋಗದ ಮೇಲೆ ಹೆಚ್ಚಿನ ಭರವಸೆ.

ಈ ಉತ್ಪರಿವರ್ತನೆಯಿಂದ ಕೆಟ್ಟ ವಂಶವಾಹಿ ಸುಸ್ಥಿತಿಯಲ್ಲಿದ್ದಾಗ ರೂಪಿಸುವುದು ಎಚ್‌ಪಿ1 ಎಂಬ ಪ್ರೋಟೀನನ್ನು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಚ್3 ಎಂಬ ಪ್ರೋಟೀನಿನ 9ನೆಯ ಸ್ಥಾನದ ಲೈಸೀನ್ ಎಂಬ ಅಮೈನೊ ಆಮ್ಲದ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತು ಬಿದ್ದಲ್ಲಿ ಎಚ್‌ಪಿ1 ಅಂಟಿಕೊಳ್ಳುತ್ತದೆ. ಆ ಗುರುತನ್ನು ಹಾಕುವ ಕಿಣ್ವಕ್ಕೂ ‘ಎಸ್‌ಯು-ವಾರ್’ ಪಟ್ಟಿಯಲ್ಲೇ, 3-9 ಎಂಬ ಸಂಖ್ಯೆಯಲ್ಲಿ ಸ್ಥಾನವಿದೆ. ಮನುಷ್ಯರಲ್ಲಿಯೂ ಅದಕ್ಕೆ ಸಮಾನವಾದ ವಂಶವಾಹಿಗಳಿವೆ. ಎಚ್‌ಪಿ1 ಎರಡು ಪ್ರತಿಗಳ ಬದಲು ಒಂದೇ ಪ್ರತಿಯಿಂದ ತಯಾರಾದಾಗ ಅದರ ಪ್ರಮಾಣ ಕುಗ್ಗಿ, ನೆರೆಯ ವಂಶವಾಹಿಯವರೆಗೆ ಮೌನ ಚಾಚಿಕೊಳ್ಳಲಾರದು.

ಪ್ರಮಾಣದ ಈ ಮಾತಿಗೆ ಇನ್ನೊಂದು ಸಾಕ್ಷ್ಯವನ್ನು ವೈ ವರ್ಣತಂತು ಒದಗಿಸುತ್ತದೆ. ಅದು ಬಹುತೇಕ ಪೂರ್ತಿ ಹೆಟೆರೊಕ್ರೊಮ್ಯಾಟಿನ್. ಒಂದು ವೈ ಹೆಚ್ಚಿಗೆ ಪಡೆದ ಗಂಡುಗಳ ಕಣ್ಣು ಹೆಚ್ಚು ಕೆಂಪು, ವೈ ಇಲ್ಲದ ಗಂಡುಗಳ ಕಣ್ಣು ಹೆಚ್ಚು ಬಿಳಿ. ಎಚ್‌ಪಿ1ರಂತಹ ಪ್ರೋಟೀನುಗಳ ಒಂದು ಪಾಲನ್ನು ವೈ ತನ್ನತ್ತ ಸೆಳೆದುಕೊಳ್ಳುವುದರಿಂದ ಹೀಗಾಗುತ್ತದೆ ಎಂಬುದು ಬಹುಕಾಲದಿಂದ ಇರುವ ವಿವರಣೆ. ಕಣ್ಣಿನ ಬಣ್ಣಕ್ಕೆ ನೇರ ಸಂಬಂಧವೇ ಇಲ್ಲದ ವರ್ಣತಂತುವೊಂದು ಎಕ್ಸ್ ಮೇಲಿನ ವಂಶವಾಹಿಯನ್ನು ಹೀಗೆ ಪ್ರಭಾವಿಸುವುದನ್ನು ತೋರಿಸಲು, ಈಗ ಆ ಗಂಡುಗಳನ್ನೂ ತಲೆಗಳ ಅಳತೆಗೆ ಸೇರಿಸಿಕೊಂಡಿದ್ದೇನೆ.