ಬರದ ಮರುವರ್ಷ ಕಾವಲಿನಲ್ಲಿ ಜಾಲಿ ಸಸಿ ಎಣಿಸಿದ್ದು: ನನ್ನ ಅನುಭವ

ಬಳ್ಳಾರಿ ಜಾಲಿ, ಅಂದರೆ ಹೊರದೇಶದಿಂದ ಬಂದು ನಮ್ಮ ಹುಲ್ಲುಗಾವಲಿಗೆ ನುಗ್ಗಿರುವ ಮುಳ್ಳಿನ ಗಿಡ, ಎಷ್ಟು ಹಬ್ಬಿದೆ ಎಂದು ನೋಡಬೇಕಾದರೆ ಬೇಸಿಗೆಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಚಿತ್ರದುರ್ಗ ಜಿಲ್ಲೆಯ ಕಾವಲು ಎಂಬ ಹುಲ್ಲುಗಾವಲುಗಳು ಪೂರ್ತಿ ಹಸಿರಾಗಿರುತ್ತವೆ, ಯಾವುದು ಹುಲ್ಲು ಯಾವುದು ಪೊದೆ ಎಂದು ದೂರದಿಂದ ತಿಳಿಯುವುದಿಲ್ಲ. ಮಾರ್ಚ್ ಹೊತ್ತಿಗೆ ಹುಲ್ಲೆಲ್ಲ ಒಣಗಿ ಕರಡ ಆಗಿರುತ್ತದೆ, ಜಾಲಿ ಮಾತ್ರ ಹಸಿರಾಗಿ ನಿಂತಿರುತ್ತದೆ. ಉಪಗ್ರಹದ ಚಿತ್ರಕ್ಕೂ ಇದೇ ಲೆಕ್ಕ. ಅದಕ್ಕೇ ನಾನು ಫೆಬ್ರವರಿಯಿಂದ ಭರಣಿ ಮಳೆ ಬೀಳುವವರೆಗಿನ ಚಿತ್ರಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಪಕ್ಕಕ್ಕಿಟ್ಟೆ. ಹಳೆಯ ಕಾಲಕ್ಕೆ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ, 2015ರಿಂದ ಈಚೆಗೆ ಸೆಂಟಿನೆಲ್-2 ಉಪಗ್ರಹದ್ದು. ಲ್ಯಾಂಡ್‌ಸ್ಯಾಟ್‌ನಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 30 ಮೀಟರ್ ಚೌಕ, ಸೆಂಟಿನೆಲ್‌ನಲ್ಲಿ 10 ಮೀಟರ್. ಎರಡರಲ್ಲೂ ದೊಡ್ಡ ಪೊದೆ ಸಿಗುತ್ತದೆ, ಸಸಿ ಸಿಗುವುದಿಲ್ಲ. ನನಗೆ ಬೇಕಾಗಿದ್ದದ್ದು ಸಸಿ.

ಕಾವಲು ಗೊತ್ತಿಲ್ಲದವರಿಗೆ ಎರಡು ಮಾತು. ಮೈಸೂರು ಅರಸರ ಕಾಲದಲ್ಲಿ ಅಮೃತ ಮಹಲ್ ದನಗಳಿಗೆ ಅಂತ ಕಾಯ್ದಿಟ್ಟ ಹುಲ್ಲುಗಾವಲು ಇವು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲು ಇರುತ್ತಿದ್ದವು. ದನ ವರ್ಷಪೂರ್ತಿ ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಹಾಗಾಗಿ ಹುಲ್ಲಿಗೆ ಉಸಿರಾಡಲು ಬಿಡುವು ಸಿಗುತ್ತಿತ್ತು. ಒಂದು ಕಾಲಕ್ಕೆ ಇವುಗಳ ವಿಸ್ತೀರ್ಣ 4 ಲಕ್ಷ ಎಕರೆ ದಾಟಿತ್ತು. ಬಹುಪಾಲು ಈಗಿಲ್ಲ. ಉಳಿದಿದ್ದರಲ್ಲಿ ತೋಳ, ಕೃಷ್ಣಮೃಗ, ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿಗಳು ಇನ್ನೂ ಇವೆ. ಸರ್ಕಾರದ ಕಾಗದಗಳಲ್ಲಿ ಮಾತ್ರ ಇಂಥ ನೆಲ ಎಷ್ಟೋ ಕಡೆ ಪಾಳುಭೂಮಿಯ ಪಟ್ಟಿಗೆ ಸೇರಿದೆ. ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ನನ್ನ ಪ್ರಶ್ನೆ ಸರಳ. ಜಾಲಿ ವರ್ಷ ವರ್ಷವೂ ಸ್ವಲ್ಪ ಸ್ವಲ್ಪವೇ ಹಬ್ಬುತ್ತದೋ, ಇಲ್ಲ ಯಾವುದೋ ಒಂದು ವರ್ಷ ಒಟ್ಟಿಗೆ ನುಗ್ಗುತ್ತದೋ?

ಮರದ ಬೆಳವಣಿಗೆಯ ಉಂಗುರ ನೋಡಿ ವಯಸ್ಸು ಹೇಳೋಣ ಎಂದರೆ ನಮ್ಮ ಹವೆಯಲ್ಲಿ ಜಾಲಿಯ ಉಂಗುರವನ್ನು ನಂಬುವುದು ಕಷ್ಟ. ಅದೂ ಅಲ್ಲದೆ ಸೌದೆಗೆ, ಇದ್ದಿಲಿಗೆ ಕಡಿದು ಕಡಿದು ಒಂದೊಂದು ಬುಡದಿಂದ ಹತ್ತಾರು ಕೊಂಬೆ ಎದ್ದಿರುತ್ತವೆ, ಕೊಂಬೆಯ ವಯಸ್ಸು ಗಿಡದ ವಯಸ್ಸಲ್ಲ. ಹಾಗಾಗಿ ಕುರಿಗಾಹಿಗಳನ್ನು ಕೇಳಿದೆ. ಚಳ್ಳಕೆರೆ, ಹಿರಿಯೂರು ಕಡೆ ಕಾಡುಗೊಲ್ಲರು, ಮ್ಯಾಸನಾಯಕರು ತಲೆಮಾರುಗಳಿಂದ ಈ ನೆಲದಲ್ಲೇ ದನ ಕುರಿ ಮೇಯಿಸಿದವರು. ದೇವರ ಎತ್ತು ಕಾಯುವ ಕಿಲಾರಿಗಳಿಗೆ ಹಳ್ಳದ ಒಂದೊಂದು ತಿರುವೂ ಗೊತ್ತು. ಇಸವಿ ಕೇಳಿದರೆ ಅವರು ಹೇಳುವುದಿಲ್ಲ. "ಇದು ಯಾವ ಬರದ್ದು ಅಜ್ಜ?" ಎಂದು ಕೇಳಿದರೆ ಥಟ್ಟಂತ ಹೇಳುತ್ತಾರೆ. ಒಬ್ಬ ಅಜ್ಜ ಒಂದು ಜಾಲಿ ಮೆಳೆ ತೋರಿಸಿ, "ಕುರಿನೆಲ್ಲ ಹೊಡ್ಕಂಡು ಭದ್ರಾ ಕಡೆ ಹೋಗಿದ್ವಲ್ಲಪ್ಪ, ತಿರುಗಿ ಬಂದ ಮಳೆಗಾಲದಾಗೆ ಎದ್ದಿದ್ದು ಇದು" ಎಂದರು. ಮನೆಗೆ ಬಂದು ಚಿತ್ರಗಳ ಜೊತೆ ಹೋಲಿಸಿದರೆ ಅವರು ಹೇಳಿದ ಮೆಳೆಗಳು ಬಹುತೇಕ ಒಂದೊಂದು ಬರ ಮುಗಿದ ಕೆಲವು ವರ್ಷಕ್ಕೆ ಚಿತ್ರದಲ್ಲಿ ಕಾಣಿಸಿಕೊಳ್ಳುತ್ತವೆ. ಸಸಿ ಬೆಳೆದು ಚಿತ್ರಕ್ಕೆ ಸಿಗುವಷ್ಟು ಅಗಲ ಆಗಬೇಕಲ್ವಾ, ಆ ಅಂತರ ಅದು.

ಹಾಗಾದರೆ ಬರಕ್ಕೂ ಜಾಲಿಗೂ ಏನು ನಂಟು? ಹುಲ್ಲು ಮೇಲಿನ ಮಣ್ಣಿನ ನೀರು ಕುಡಿಯುತ್ತದೆ, ಮರ ಆಳದ ನೀರು ಕುಡಿಯುತ್ತದೆ, ಅದಕ್ಕೇ ಎರಡೂ ಜೊತೆಗೆ ಬದುಕುತ್ತವೆ ಎಂಬ ಮಾತನ್ನು ಹೈನ್ರಿಕ್ ವಾಲ್ಟರ್ ಎಂಬ ಜರ್ಮನ್ ವಿಜ್ಞಾನಿ ಬಹಳ ಹಿಂದೆಯೇ ಹೇಳಿದ್ದರು. ಬೆಳೆದ ಜಾಲಿಯ ಮಟ್ಟಿಗೆ ಇದು ಸರಿ. ಬಳ್ಳಾರಿ ಜಾಲಿಯ ಕುಲಕ್ಕೇ ಸೇರಿದ ಮರದ ಬೇರು ಅಮೆರಿಕದ ಅರಿಜೋನಾದ ಒಂದು ಗಣಿಯಲ್ಲಿ 53 ಮೀಟರ್ ಆಳದಲ್ಲಿ ಸಿಕ್ಕಿತ್ತು. ಆದರೆ ಈಗಷ್ಟೇ ಮೊಳೆತ ಸಸಿಯ ಬೇರು ಇರುವುದು ಹುಲ್ಲಿನ ಬೇರು ಇರುವ ಮಣ್ಣಿನಲ್ಲೇ. ಅಲ್ಲಿ ಹುಲ್ಲು ದಟ್ಟವಾಗಿದ್ದರೆ ಸಸಿಗೆ ನೀರೂ ಇಲ್ಲ, ಬಿಸಿಲೂ ಇಲ್ಲ. ಹುಲ್ಲು ಜಾಲಿಯನ್ನು ಸೋಲಿಸಲು ಸಾಧ್ಯವಿರುವುದು ಆ ಮೊದಲ ಕೆಲವು ತಿಂಗಳಲ್ಲಿ ಮಾತ್ರ. ಬೇರು ಒಮ್ಮೆ ಕೆಳಗೆ ಇಳಿದ ಮೇಲೆ ಹುಲ್ಲಿನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆಮೇಲೆ ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸೇರಿದ ಮಹೇಶ್ ಶಂಕರನ್ ಮತ್ತು ಸಂಗಡಿಗರು 2005ರಲ್ಲಿ ಆಫ್ರಿಕಾದ 854 ಜಾಗಗಳ ಲೆಕ್ಕ ಇಟ್ಟುಕೊಂಡು ಒಂದು ಮುಖ್ಯವಾದ ಮಾತು ಹೇಳಿದರು. ವರ್ಷಕ್ಕೆ ಸುಮಾರು 650 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ಕಡೆ ಮರಗಳು ಒಂದಕ್ಕೊಂದು ಕೂಡಿಕೊಂಡು ನೆರಳು ಕವಿಯದಂತೆ ನೀರಿನ ಕೊರತೆಯೇ ತಡೆಯುತ್ತದೆ, ಅದಕ್ಕಿಂತ ಜಾಸ್ತಿ ಮಳೆ ಇದ್ದರೆ ಬೆಂಕಿ, ಮೇಯುವ ಪ್ರಾಣಿಗಳು ತಡೆಯಬೇಕು ಎಂದು. ಚಳ್ಳಕೆರೆಯ ಮಳೆ ಆ ಗೆರೆಗಿಂತ ಕೆಳಗೇ ಇದೆ. ಹಾಗಿದ್ದರೂ ಹಳ್ಳದ ದಂಡೆ, ಕೆರೆ ಅಂಗಳಗಳಲ್ಲಿ ಜಾಲಿ ಒತ್ತಾಗಿ ಬೆಳೆದು ಒಳಗೆ ಮನುಷ್ಯ ನುಗ್ಗಲಾಗದಂತೆ ಆಗಿದೆ, ಏಕೆಂದರೆ ಅಲ್ಲಿ ಆಳದಲ್ಲಿ ನೀರಿದೆ. ಅಲ್ಲಿಂದ ಅದು ದಿಣ್ಣೆಯ ಕಡೆ ಏರುತ್ತದೆ.

2023ರ ಬರ ನನಗೆ ಇದನ್ನು ಕಣ್ಣಾರೆ ನೋಡುವ ಅವಕಾಶ ಕೊಟ್ಟಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ ಆಯಿತು. ಬರಕ್ಕೆ ಮುಂಚೆಯೇ ಗುರುತು ಹಾಕಿಟ್ಟ ಜಾಗಗಳು ನನ್ನ ಹತ್ತಿರ ಇದ್ದವು. ವಿಧಾನ ಹೇಳುತ್ತೇನೆ, ಯಾರು ಬೇಕಾದರೂ ಮಾಡಬಹುದು. ದೊಡ್ಡ ಜಾಲಿಯ ಬುಡದಿಂದ ಬಯಲಿನ ಕಡೆಗೆ ಟೇಪು ಎಳೆಯುವುದು, ದಾರಿಯುದ್ದಕ್ಕೂ ಸಮ ಅಂತರದಲ್ಲಿ ಒಂದು ಮೀಟರ್ ಚೌಕದ ಪೈಪಿನ ಚೌಕಟ್ಟು ಇಡುವುದು, ಅದರೊಳಗೆ ಜೀವಂತ ಹುಲ್ಲಿನ ಬುಡ ಎಷ್ಟು, ಬರಿ ನೆಲ ಎಷ್ಟು, ಜಾಲಿ ಸಸಿ ಎಷ್ಟು, ಸಗಣಿ ಇದೆಯಾ ಎಂದು ಬರೆದುಕೊಳ್ಳುವುದು. ಎರಡು ಮೂಲೆಗೆ ಕಬ್ಬಿಣದ ಗೂಟ ಹೊಡೆದಿಟ್ಟರೆ ಮುಂದಿನ ವರ್ಷ ಅದೇ ಜಾಗ ಸಿಗುತ್ತದೆ. ಗಟ್ಟಿ ಅಟ್ಟೆಯ ಬೂಟು ಹಾಕಿ. ಜಾಲಿ ಮುಳ್ಳು ಕಾಲಿಗೆ ಹೊಕ್ಕರೆ ಬಾವು ಬಂದು ದಿನಗಟ್ಟಲೆ ಕಾಡುತ್ತದೆ.

ಬರದ ಬೇಸಿಗೆಯಲ್ಲಿ ಹುಲ್ಲಿನ ಬುಡಗಳು ಒಂದೊಂದಾಗಿ ಸತ್ತವು. ಬರೀ ಮಳೆ ಇಲ್ಲದ್ದಕ್ಕಲ್ಲ, ಇರುವಷ್ಟನ್ನು ಬೇರು ಕಾಣುವ ತನಕ ಮೇಯಿಸಿದ್ದರಿಂದ. ಕುರಿಗಾಹಿಗಳನ್ನು ಬೈಯುವುದರಲ್ಲಿ ಅರ್ಥವಿಲ್ಲ. ಮೂರು ಕಾವಲು ಸುತ್ತುತ್ತಿದ್ದ ದನಕರು ಈಗ ಉಳಿದ ಚೂರಿನಲ್ಲೇ ಬದುಕಬೇಕು. ಹುಲ್ಲು ಮುಗಿದ ಮೇಲೆ ಅವು ತಿಂದದ್ದು ಉದುರಿದ ಜಾಲಿ ಕಾಯಿ. ಕಾಯಿ ಸಿಹಿ, ಬೀಜ ಗಟ್ಟಿ. ಕುರಿ ಮೇಕೆ ಅಗಿದು ಬೀಜವನ್ನು ಜಾಸ್ತಿ ಹಾಳು ಮಾಡುತ್ತವೆ. ದನದ ಹೊಟ್ಟೆಯಲ್ಲಿ ಬೀಜದ ಸಿಪ್ಪೆ ಮೆತ್ತಗಾಗಿ, ಗೊಬ್ಬರದ ಸಮೇತ ಬಯಲಿಗೆ ಬೀಳುತ್ತದೆ. ಅಂದರೆ ಬರ ಹುಲ್ಲನ್ನು ಸಾಯಿಸಿ ಜಾಗ ಖಾಲಿ ಮಾಡಿಸಿತು, ಅದೇ ಬರ ಆ ಖಾಲಿ ಜಾಗಕ್ಕೆ ಬೀಜವನ್ನೂ ಹೊರಿಸಿ ತಂದಿತು.

2024ರ ಮುಂಗಾರು ರಾಜ್ಯದಲ್ಲಿ ವಾಡಿಕೆಗಿಂತ ಜಾಸ್ತಿ ಸುರಿಯಿತು. ಚೌಕಟ್ಟು ಮತ್ತೆ ಇಟ್ಟು ನೋಡಿದಾಗ ಸಸಿಗಳು ಎದ್ದಿದ್ದು ಬರಿ ನೆಲ ಆಗಿದ್ದ ಚೌಕಗಳಲ್ಲೇ ಹೆಚ್ಚು, ಹಳೆಯ ಸಗಣಿ ಇದ್ದ ಕಡೆಯಂತೂ ಗುಂಪು ಗುಂಪು. ಬುಡ ಉಳಿದಿದ್ದ ಹುಲ್ಲು ಚಿಗುರಿ ನೆಲ ಮುಚ್ಚಿದ ಚೌಕಗಳಲ್ಲಿ ಮೊಳೆತವೂ ಹಿಂಗಾರಿನ ಹೊತ್ತಿಗೆ ಸೊರಗಿಹೋಗಿದ್ದವು.

ಬೆಂಕಿ ಹಾಕಿದರೆ ಹೋಗುವುದಿಲ್ಲವೇ ಎಂದು ಕೇಳುತ್ತಾರೆ. ಅಮೆರಿಕದ ಕಾನ್ಸಾಸ್‌ನಲ್ಲಿ ಕೊಂಜಾ ಎಂಬ ಹುಲ್ಲುಗಾವಲಿನಲ್ಲಿ 1, 2, 4, 20 ವರ್ಷಕ್ಕೊಮ್ಮೆ ಸುಡುವ ಪ್ರಯೋಗ ದಶಕಗಳಿಂದ ನಡೆದಿದೆ. ಪ್ರತಿವರ್ಷ ಸುಟ್ಟಲ್ಲಿ ಪೊದೆ ಬರಲಿಲ್ಲ, 4 ವರ್ಷಕ್ಕೊಮ್ಮೆ ಸುಟ್ಟಲ್ಲಿ ನುಗ್ಗಿತು. ಅಲ್ಲಿ ಆಳೆತ್ತರದ ಹುಲ್ಲು, ಮಳೆಯೂ 800 ಮಿಲಿಮೀಟರ್ ದಾಟುತ್ತದೆ. ನಮ್ಮಲ್ಲಿ ಮೇಯಿಸಿ ಉಳಿದ ಹುಲ್ಲು ಬೆಂಕಿಗೂ ಸಾಲುವುದಿಲ್ಲ, ಜಾಲಿ ಮತ್ತೆ ಚಿಗುರುವುದು ಮಣ್ಣಿನೊಳಗಿನ ಬುಡದಿಂದ.

ಕಡಿಯುವುದಂತೂ ಸುಮ್ನೆ ಬೆವರು ಸುರಿಸಿದಂತೆ. ಕಿತ್ತರೆ ಬುಡದ ಗಂಟು ಸಮೇತ ಕೀಳಬೇಕು, ಒಂದಡಿ ಆಳಕ್ಕೆ ಅಗೆಯಬೇಕು. ಜೆಸಿಬಿ ತಂದರೆ ಕೆಲಸ ಬೇಗ, ಆದರೆ ಕೆದಕಿದ ಮಣ್ಣಿನಲ್ಲಿ ಹುಲ್ಲಿನ ಬುಡವೂ ಹೋಗುತ್ತದೆ, ಮಣ್ಣಿನಲ್ಲಿ ಕೂತಿದ್ದ ಬೀಜಕ್ಕೆ ಮತ್ತೆ ಬರಿ ನೆಲ ಸಿಗುತ್ತದೆ. ನನಗೆ ಸರಿ ಎನಿಸಿದ್ದು ಬರ ಮುಗಿದ ಮೊದಲ ಮಳೆಗಾಲದಲ್ಲೇ, ನೆಲ ಹಸಿ ಇರುವಾಗ, ಸಸಿ ಗೇಣುದ್ದ ಆಗುವ ಮುಂಚೆ ಕೈಯಲ್ಲೇ ಕೀಳುವುದು. ಬೇರು ಪೂರ್ತಿ ಬರುತ್ತದೆ. ನಾಲ್ಕು ಜನ ಸೇರಿದರೆ ಒಂದು ಬೆಳಿಗ್ಗೆಯಲ್ಲಿ ಸಾಕಷ್ಟು ಜಾಗ ಮುಗಿಯುತ್ತದೆ. ಮೂರು ವರ್ಷ ಬಿಟ್ಟು ಹೋದರೆ ಅದೇ ಜಾಗಕ್ಕೆ ಪಿಕಾಸಿ, ಹಾರೆ, ಕೂಲಿ ಎಲ್ಲ ಬೇಕು.

ನಾನು ಗುರುತು ಹಾಕಿಟ್ಟ ಜಾಗಗಳ ಒಂದು ಭಾಗದಲ್ಲಿ ಹಸಿರು ಹೆಚ್ಚಿಸುತ್ತೇವೆಂದು ಉದ್ದುದ್ದ ಕಂದಕ ತೋಡಿ ಸಸಿ ನೆಟ್ಟರು. ನೆಟ್ಟ ಸಸಿಗಳು ಬರದಲ್ಲಿ ಒಣಗಿದವು. ತೋಡಿ ಹಾಕಿದ ಮಣ್ಣಿನ ದಿಬ್ಬದ ಮೇಲೆ ಈಗ ಜಾಲಿ ಸಾಲಾಗಿ ಬಂದಿದೆ. ಹುಲ್ಲಿನ ನೆಲಕ್ಕೆ ಗುದ್ದಲಿ ಹಾಕುವ ಮೊದಲು ಅಲ್ಲಿ ಮೇಯಿಸುವ ಜನರನ್ನು ಒಂದು ಮಾತು ಕೇಳಿ ಎಂದು ಆ ಕೆಲಸ ಮಾಡಿಸಿದವರಿಗೆ ಬರೆದಿದ್ದೇನೆ, ಜೊತೆಗೆ ಚೌಕಟ್ಟಿನ ಲೆಕ್ಕವನ್ನೂ ಕೊಟ್ಟಿದ್ದೇನೆ. ಗೂಟಗಳು ಇನ್ನೂ ಅಲ್ಲೇ ಇವೆ. ಉತ್ತರೆ ಮಳೆ ಕಳೆದ ಮೇಲೆ ಪ್ರತಿವರ್ಷ ಎಣಿಕೆ ಇರುತ್ತದೆ. ಚಿತ್ರದುರ್ಗ, ತುಮಕೂರು, ಹಾವೇರಿ ಕಡೆ ನಿಮ್ಮೂರಿನ ಗೋಮಾಳದಲ್ಲೂ ಇದನ್ನೇ ಮಾಡಿ ನೋಡುವುದಾದರೆ ಮೊದಲು ಸಗಣಿ ಬಿದ್ದ ಬರಿ ನೆಲದಿಂದ ಶುರು ಮಾಡಿ.